ತಂತಿ ಗೊಂಬೆಗಳು ತೊಟ್ಟ ಪ್ಯಾರಿಸ್ ಫ್ಯಾಷನ್

ಟೀವಿಯಲ್ಲಿ ಫ್ಯಾಷನ್ ಶೋ ಬಂದ ಕೂಡಲೇ ಚಾನೆಲ್ ಬದಲಿಸುವ ಜಾತಿ ನನ್ನದು. ಆದರೆ 1945ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಒಂದು ಪ್ರದರ್ಶನದ ಕಥೆ ಮಾತ್ರ ತಲೆಯಲ್ಲಿ ಕೂತುಬಿಟ್ಟಿದೆ. ಅದರಲ್ಲಿ ರೂಪದರ್ಶಿಗಳೇ ಇರಲಿಲ್ಲ.. ಇದ್ದದ್ದು ತಂತಿಯ ಗೊಂಬೆಗಳು!

1944ರ ಆಗಸ್ಟಿನಲ್ಲಿ ಪ್ಯಾರಿಸ್ ಜರ್ಮನರ ಹಿಡಿತದಿಂದ ಬಿಡುಗಡೆಯಾಯಿತು. ಊರೇನೋ ಉಳಿದಿತ್ತು, ಆದರೆ ಚಳಿಗೆ ಕಲ್ಲಿದ್ದಲಿಲ್ಲ, ಹೊಲಿಯಲು ಬಟ್ಟೆಯಿಲ್ಲ. ಒಬ್ಬೊಬ್ಬ ಗಿರಾಕಿಯ ಮೈಯಳತೆಗೆ ಬಹುಪಾಲು ಕೈಯಲ್ಲೇ ಹೊಲಿಯುವ ದುಬಾರಿ ಉಡುಪಿಗೆ ಅಲ್ಲಿ ಓಟ್ ಕುಟೂರ್ ಅನ್ನುತ್ತಾರೆ. ಅದನ್ನೇ ನಂಬಿದ್ದ ಹೊಲಿಗೆಯವರು, ಕಸೂತಿಯವರು, ಟೋಪಿ ಮಾಡುವವರು ಏನು ಮಾಡಬೇಕು? ಅತ್ತ ಅಮೆರಿಕದವರು ಯುದ್ಧದ ವರ್ಷಗಳಲ್ಲಿ ಪ್ಯಾರಿಸ್ಸನ್ನು ಬಿಟ್ಟು ಬದುಕುವುದನ್ನು ಕಲಿತಿದ್ದರು.

ಆಗ ರಾಬೆರ್ ರಿಕ್ಕಿ ಎಂಬಾತ ಕೊಟ್ಟ ಉಪಾಯ ಗೊಂಬೆಗಳದ್ದು. ಈತ ಉಡುಪು ವಿನ್ಯಾಸಕಿ ನೀನಾ ರಿಕ್ಕಿಯ ಮಗ. ಸುಮಾರು ಎಪ್ಪತ್ತು ಸೆಂಟಿಮೀಟರ್ ಎತ್ತರದ, ಅಂದರೆ ಆಳಿನ ಮೂರನೇ ಒಂದರಷ್ಟು ಗೊಂಬೆ. ನನ್ನೊಳಗಿನ ಇಂಜಿನಿಯರ್ ಇಲ್ಲಿ ಸ್ವಲ್ಪ ಲೆಕ್ಕ ಹಾಕಿದ: ಎತ್ತರ ಮೂರನೇ ಒಂದಾದರೆ ಬಟ್ಟೆ ಒಂಬತ್ತನೇ ಒಂದು ಸಾಕು. ಆದರೆ ಕೆಲಸ ಒಂಬತ್ತನೇ ಒಂದಾಗುವುದಿಲ್ಲ, ಇನ್ನೂ ಕಷ್ಟವಾಗುತ್ತದೆ :) ಹಾಕಿ ತೆಗೆಯಬಹುದಾದ ಪುಟ್ಟ ಗುಂಡಿ, ಬೂಟು, ಕೈಚೀಲ, ಯಾರಿಗೂ ಕಾಣದ ಒಳ ಉಡುಪು ಎಲ್ಲವನ್ನೂ ಆ ಅಳತೆಗೇ ಮಾಡಿದರು. ಒಡವೆಗಳು ಕಾರ್ಟಿಯೆ ಮುಂತಾದವರದು. ಪ್ಲಾಸ್ಟರಿನ ತಲೆಗಳನ್ನು ಮಾಡಿದವನು ಶಿಲ್ಪಿ ಜೊವಾನ್ ರೆಬುಲ್. ಮೈ ಬರೀ ತಂತಿ, ಹಾಗೇ ಬಿಟ್ಟಿದ್ದು.

1945ರ ಮಾರ್ಚ್ ಕೊನೆಗೆ, ಯೂರೋಪಿನಲ್ಲಿ ಯುದ್ಧ ಇನ್ನೂ ಮುಗಿಯದಿದ್ದಾಗ, ಲೂವ್ರ್ ಅರಮನೆಯ ಒಂದು ಭಾಗದಲ್ಲಿ ಪ್ರದರ್ಶನ ತೆರೆಯಿತು. ಹೆಸರು 'ತಿಯಾತ್ರ್ ದ ಲಾ ಮೋದ್', ಫ್ಯಾಷನ್ನಿನ ರಂಗಮಂದಿರ. ಇನ್ನೂರಕ್ಕೂ ಹೆಚ್ಚು ಗೊಂಬೆಗಳು, ನೋಡಲು ಬಂದವರು ಸುಮಾರು 1 ಲಕ್ಷ. ಬಂದ ಹಣ ಯುದ್ಧ ಸಂತ್ರಸ್ತರಿಗೆ. ಗೊಂಬೆಗಳ ಹಿಂದಿನ ರಂಗಸಜ್ಜಿಕೆ ಮಾಡಿದವರೂ ದೊಡ್ಡ ಕಲಾವಿದರೇ. ನನಗೆ ತುಂಬಾ ತಟ್ಟಿದ್ದು ಜಾನ್ ಕಾಕ್ತೋ ಮಾಡಿದ್ದು. ಬೆಂಕಿಗೆ ಸುಟ್ಟು ಹಾಳಾದ ಅಟ್ಟದ ಕೋಣೆ, ಅದರ ನಡುವೆ ವೈಭವದ ಗೌನು ತೊಟ್ಟ ಹೆಂಗಸರು. ಮೈಯಿಲ್ಲದ ತಂತಿಯ ಮೇಲೆ ರೇಷ್ಮೆ, ಮನೆಯಿಲ್ಲದ ಊರಲ್ಲಿ ಮದುವೆ ಬಟ್ಟೆ.. ಇದನ್ನು ಬರೀ ಶೋಕಿ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಂತ ಪೂರಾ ಹೊಗಳಲೂ ಆಗದು. 1940ರಲ್ಲಿ ನಾಜಿಗಳು ಈ ಉದ್ಯಮವನ್ನೇ ಬರ್ಲಿನ್ನಿಗೆ ಸಾಗಿಸಲು ಹೊರಟಾಗ, ವಿನ್ಯಾಸಕಾರರ ಸಂಘದ ಮುಖ್ಯಸ್ಥ ಲೂಸಿಯೆನ್ ಲೆಲೊಂಗ್ ಅವರ ಜೊತೆ ಮಾತುಕತೆ ನಡೆಸಿ ಅದನ್ನು ಪ್ಯಾರಿಸ್ಸಿನಲ್ಲೇ ಉಳಿಸಿಕೊಂಡ. ಅಂದರೆ ಆಕ್ರಮಣದ ವರ್ಷಗಳಲ್ಲೂ ಅಂಗಡಿಗಳು ನಡೆದವು, ಕೊಂಡವರಲ್ಲಿ ಕಾಳಸಂತೆಯಲ್ಲಿ ದುಡ್ಡು ಮಾಡಿದವರೂ ಇದ್ದರು. ಕೆಲಸಗಾರರ ಅನ್ನ ಉಳಿಯಿತು, ಹೆಸರಿಗೆ ಮಸಿಯೂ ಹತ್ತಿತು. ಗೊಂಬೆಗಳ ಪ್ರದರ್ಶನಕ್ಕೆ ಆ ಮಸಿ ತೊಳೆಯುವ ಆಸೆಯೂ ಇತ್ತು ಅಂತಲೇ ನನ್ನ ಅನಿಸಿಕೆ.

ಲಂಡನ್ ಮುಂತಾದ ಊರು ಸುತ್ತಿ, 1946ರಲ್ಲಿ ಹೊಸ ಬಟ್ಟೆ ತೊಟ್ಟು ಗೊಂಬೆಗಳು ನ್ಯೂಯಾರ್ಕಿಗೆ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋದವು. ಅಲ್ಲಿಗೆ ಎಲ್ಲರೂ ಅವನ್ನು ಮರೆತರು. ಒಡವೆಗಳನ್ನು ಮಾತ್ರ ಮರೆಯದೆ ವಾಪಸ್ ತರಿಸಿಕೊಂಡರು ನೋಡಿ! ಗೊಂಬೆಗಳು ಒಂದು ದೊಡ್ಡ ಅಂಗಡಿಯಲ್ಲಿ ಬಿದ್ದಿದ್ದು, 1952ರಲ್ಲಿ ವಾಷಿಂಗ್ಟನ್ ರಾಜ್ಯದ ಮೇರಿಹಿಲ್ ವಸ್ತುಸಂಗ್ರಹಾಲಯ ಸೇರಿದವು. 1980ರ ದಶಕದಲ್ಲಿ ಒಬ್ಬ ಇತಿಹಾಸದ ಪ್ರೊಫೆಸರ್ ಹುಡುಕಿಕೊಂಡು ಹೋದ ಮೇಲೆ ಪ್ಯಾರಿಸ್ಸಿಗೆ ಒಯ್ದು ರಿಪೇರಿ ಮಾಡಿಸಿದರು. ಹಳೆಯ ರಂಗಸಜ್ಜಿಕೆ ಉಳಿದಿರಲಿಲ್ಲ, ಹೊಸದಾಗಿ ಕಟ್ಟಬೇಕಾಯಿತು. ಈಗ ಮತ್ತೆ ಮೇರಿಹಿಲ್‌ನಲ್ಲೇ, ಕೊಲಂಬಿಯಾ ನದಿಯ ದಂಡೆಯ ಆ ಒಂಟಿ ಕಟ್ಟಡದಲ್ಲಿ, ಸರದಿಯ ಮೇಲೆ ಒಂದಷ್ಟು ಗೊಂಬೆಗಳನ್ನು ಹೊರಗಿಡುತ್ತಾರೆ.