ಒಲಿವೆಂಥಾ: ಗಡಿ ಬದಲಾದ ಕೋಟೆ ಪಟ್ಟಣದ ನುಡಿ

ಸ್ಪೇನಿನ ಎಸ್ತ್ರೆಮದೂರಾ ಪ್ರದೇಶದ ಒಲಿವೆಂಥಾ, ಗ್ವಾದಿಯಾನಾ ನದಿಯ ಎಡದಂಡೆಯ ಸೀಮೆಗೆ ಸೇರಿದ ಕೋಟೆ ಪಟ್ಟಣ. 1297ರ ಅಲ್ಕಾನ್ಯೀಥೆಸ್ ಒಪ್ಪಂದದ ಮೂಲಕ ಕಸ್ತೀಲಿಯ ರಾಜ್ಯ ಇದನ್ನು ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟಿತು. ದೊರೆ ದಿನಿಸ್ ಇಲ್ಲಿ ಕೋಟೆ ಕಟ್ಟಿಸಿದನು. ಎರಡನೆಯ ಜುವಾಂವ್ ಅದಕ್ಕೆ ಎತ್ತರದ ಗೋಪುರವನ್ನು ಸೇರಿಸಿದನು. 17ನೆಯ ಶತಮಾನದಲ್ಲಿ ಫಿರಂಗಿಗಳನ್ನು ಎದುರಿಸಲು ಕೊತ್ತಲಗಳ ಹೊಸ ಸುತ್ತು ಎದ್ದಿತು. ಇಷ್ಟಾದರೂ 1801ರ ‘ಕಿತ್ತಳೆಗಳ ಯುದ್ಧ’ದಲ್ಲಿ ಪಟ್ಟಣ ಕಾದಾಟವಿಲ್ಲದೆ ಸ್ಪೇನಿಗೆ ಶರಣಾಯಿತು. ಬದಾಹೋಥ್ ಒಪ್ಪಂದ ಆ ವಶವನ್ನು ಸ್ಥಿರಗೊಳಿಸಿತು. 1815ರ ವಿಯೆನ್ನಾ ಸಮ್ಮೇಳನದ ನಿರ್ಣಯವನ್ನು ಆಧರಿಸಿ ಪೋರ್ಚುಗಲ್ ಈ ಸ್ವಾಮ್ಯವನ್ನು ಇಂದಿಗೂ ವಿಧಿವತ್ತಾಗಿ ಮಾನ್ಯಮಾಡಿಲ್ಲ.

ಆದರೆ ಆಳ್ವಿಕೆಯೊಡನೆ ನುಡಿ ಬದಲಾಗಲಿಲ್ಲ. ಆಡಳಿತ ಮತ್ತು ಶಿಕ್ಷಣ ಸ್ಪ್ಯಾನಿಷಿಗೆ ತಿರುಗಿದ ಮೇಲೂ, 20ನೆಯ ಶತಮಾನದ ನಡುಭಾಗದವರೆಗೆ ಮನೆಮಾತಾಗಿ ಪೋರ್ಚುಗೀಸ್ ಬಾಳಿತು. ಫ್ರಾಂಕೋ ಆಳ್ವಿಕೆಯ ಕಾಲದಲ್ಲಿ ತಂದೆತಾಯಿಯರು ಅದನ್ನು ಮಕ್ಕಳಿಗೆ ದಾಟಿಸುವುದು ಕ್ಷೀಣಿಸಿತು. ಮಗ್ದಲೇನಾ ಇಗರ್ಜಿಯ ಹುರಿಯಂತೆ ಹೊಸೆದ ಕಂಬಗಳು ಪೋರ್ಚುಗೀಸ್ ಮನುವೆಲೀನ್ ಶೈಲಿಯನ್ನು ಇಂದಿಗೂ ತೋರುತ್ತವೆ. ಬೀದಿಯ ಫಲಕಗಳಿಗೆ ಹಳೆಯ ಪೋರ್ಚುಗೀಸ್ ಹೆಸರುಗಳೂ ಮರಳಿವೆ. ನುಡಿ ಮಾತ್ರ ಹೆಚ್ಚಾಗಿ ಹಿರಿಯರಲ್ಲಿ ಉಳಿದಿದೆ. ಗಡಿನಾಡಿನ ಭಾಷಾನಷ್ಟದ ಕಾಲವನ್ನು ಒಪ್ಪಂದದ ತಾರೀಖಿನಿಂದ ಎಣಿಸಲಾಗದು. ಶಾಲೆಯಲ್ಲಿಯೂ ಮನೆಯಲ್ಲಿಯೂ ಅದನ್ನು ಹುಡುಕಬೇಕೆಂಬುದಕ್ಕೆ ಒಲಿವೆಂಥಾ ಸ್ಪಷ್ಟ ನಿದರ್ಶನ.