ತಬಲಾ ಸ್ವತಂತ್ರವಾದನದಲ್ಲಿ ಸ್ತ್ರೀಯರು: ವಿದುಷಿ ಡಾ॥ ಆಬಾನ್ ಮಿಸ್ತ್ರಿಯವರು

ಚರ್ಮವಾದ್ಯಗಳ ಉತ್ಪತ್ತಿಯನ್ನು ಕುರಿತು ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಒಂದು ಕಥೆಯುಂಟು. ಸ್ವಾತಿಯೆಂಬ ಋಷಿಯು ನೀರು ತರಲು ಸರೋವರಕ್ಕೆ ಹೋಗಿರಲು, ಮಳೆಯ ಹನಿಗಳು ಹಿರಿಯ, ಕಿರಿಯ, ನಡುತರದ ಕಮಲಪತ್ರಗಳ ಮೇಲೆ ಬಿದ್ದು ಬೇರೆಬೇರೆ ನಾದಗಳನ್ನು ಹೊಮ್ಮಿಸಿದುವು. ಋಷಿಯು ಅವನ್ನು ಮನಸ್ಸಿನಲ್ಲಿ ಧರಿಸಿ ಬಂದು ವಿಶ್ವಕರ್ಮನ ನೆರವಿನಿಂದ ಪುಷ್ಕರವಾದ್ಯಗಳನ್ನು ನಿರ್ಮಿಸಿದನಂತೆ. ಇಂತಹ ವಾದ್ಯಗಳನ್ನು ಸ್ತ್ರೀಯರು ಮುಟ್ಟಲಾಗದೆಂಬ ಭಾವನೆಯು ಪ್ರಾಚೀನರಲ್ಲಿ ಬಲವಾಗಿದ್ದಂತೆ ತೋರುವುದಿಲ್ಲ. 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ವಾದ್ಯವನ್ನು ಹಿಡಿದು ನುಡಿಸುತ್ತ ನರ್ತಿಸುವ ಸ್ತ್ರೀಮೂರ್ತಿಗಳನ್ನು ಯಾತ್ರಿಕರು ಇಂದಿಗೂ ನೋಡಬಹುದು. ಶಿಲ್ಪಿಯ ಕಣ್ಣಿಗೆ ಅದು ಅಸಂಭಾವ್ಯವಾಗಿ ಕಾಣಲಿಲ್ಲ.

ತಬಲದ ಚರಿತ್ರೆಯಾದರೋ ಬೇರೆಯ ದಾರಿಯನ್ನು ಹಿಡಿಯಿತು. 18ನೆಯ ಶತಮಾನದಲ್ಲಿ ದಿಲ್ಲಿಯಲ್ಲಿ ಈ ವಾದ್ಯವು ಪ್ರಾಬಲ್ಯಕ್ಕೆ ಬಂದಿತು. ಸಿದ್ಧಾರ್ ಖಾನರು ದಿಲ್ಲಿ ಘರಾನೆಯ ಮೂಲಪುರುಷರೆಂದು ಪ್ರಸಿದ್ಧರು. ಮುಂದೆ ಅಜರಾಡಾ, ಲಖನೌ, ಫರೂಖಾಬಾದ್, ಬನಾರಸ್, ಪಂಜಾಬ್ ಎಂಬ ಘರಾನೆಗಳೂ ಸೇರಿ ಆರು ಪ್ರಸಿದ್ಧವಾದುವು. ಈ ಮನೆಗಳಲ್ಲಿ ವಿದ್ಯೆಯು ತಂದೆಯಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಾಯಿಂದ ಬಾಯಿಗೆ ಸಲ್ಲುತ್ತಿದ್ದಿತು. ಹಾಡುವ, ಕುಣಿಯುವ ವಿದ್ಯೆಗಳಲ್ಲಿ ಸ್ತ್ರೀಯರೇ ಮುಂದಾಗಿದ್ದರೂ ಅವರ ಹಿಂದೆ ಕುಳಿತು ತಬಲ ನುಡಿಸುವವರು ಪುರುಷರೇ. ನರ್ತಕಿಯರ ಸಹವಾಸದಿಂದ ವಾದ್ಯಕ್ಕೂ ಅಪಕೀರ್ತಿಯು ಅಂಟಿಕೊಂಡು, ಗೃಹಸ್ಥರು ಗಂಡುಮಕ್ಕಳಿಗೇ ಅದನ್ನು ಕಲಿಸಲು ಹಿಂಜರಿಯುವಂತಾಯಿತು. ಇನ್ನು ಹೆಣ್ಣುಮಕ್ಕಳ ಮಾತನ್ನು ಹೇಳತಕ್ಕುದೇನು?

ಇಲ್ಲೊಂದು ಐತಿಹ್ಯವು ಮನನೀಯವಾಗಿದೆ. ಲಖನೌ ಘರಾನೆಯ ಬಖ್ಶೂ ಖಾನರು ತಮ್ಮ ಮಗಳನ್ನು ಹಾಜಿ ವಿಲಾಯತ್ ಅಲಿ ಖಾನರಿಗೆ ವಿವಾಹಮಾಡಿಕೊಟ್ಟಾಗ ಅಪೂರ್ವವಾದ ಗತ್‌ಗಳನ್ನೇ ಬಳುವಳಿಯಾಗಿ ಕೊಟ್ಟರೆಂದೂ, ಆ ಅಳಿಯಂದಿರೇ ಫರೂಖಾಬಾದ್ ಘರಾನೆಯನ್ನು ಸ್ಥಾಪಿಸಿದರೆಂದೂ ಪ್ರತೀತಿ. ವಸ್ತ್ರಾಭರಣಗಳಿಗಿಂತ ಬೆಲೆಯುಳ್ಳ ಧನವೇನೋ ಹೌದು. ಆದರೆ ಮಗಳ ಹೆಸರಿನಲ್ಲಿ ಹೊರಟ ಆ ಧನವು ಅಳಿಯನ ಕೈಸೇರಿತು. ಆ ಸಂಪತ್ತು ಹಾಜಿಯವರ ಪುತ್ರರಾದ ಹುಸೇನ್ ಅಲಿ ಖಾನರಿಂದ ಮುನೀರ್ ಖಾನರಿಗೂ, ಅವರಿಂದ ಅವರ ಸೋದರಳಿಯ ಅಮೀರ್ ಹುಸೇನ್ ಖಾನರಿಗೂ ಬಂದಿತು. ಅಮೀರ್ ಹುಸೇನ್ ಖಾನರು ಮುಂಬಯಿಯಲ್ಲಿ ನೆಲಸಿ ಅನೇಕ ಶಿಷ್ಯರನ್ನು ಸಿದ್ಧಪಡಿಸಿ 1969ರಲ್ಲಿ ಕಾಲಾಧೀನರಾದರು. ಆ ಶಿಷ್ಯರಲ್ಲಿ ಆಬಾನ್ ಮಿಸ್ತ್ರಿಯವರೂ ಒಬ್ಬರು.

ಮಿಸ್ತ್ರಿಯವರು 1940ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬದಲ್ಲಿ ಜನಿಸಿದರು. ಆ ನಗರದ ಪಾರ್ಸಿಗಳಿಗೆ ಹಿಂದುಸ್ತಾನಿ ಸಂಗೀತವು ಹೊಸದಾಗಿರಲಿಲ್ಲ. 1870ರಷ್ಟು ಹಿಂದೆಯೇ ಅವರಲ್ಲಿ ಕೆಲವರು ಗಾಯನ ಉತ್ತೇಜಕ ಮಂಡಳಿಯನ್ನು ಸ್ಥಾಪಿಸಿ, ಮರ್ಯಾದಸ್ಥರು ಕುಳಿತು ಸಂಗೀತ ಕೇಳುವ ಪದ್ಧತಿಗೆ ಇಂಬುಕೊಟ್ಟಿದ್ದರು. ಮಿಸ್ತ್ರಿಯವರು ಗಾಯನವನ್ನು ಅಭ್ಯಾಸಮಾಡಿದ ಮೇಲೆ ಪಂಡಿತ ಕೇಕಿ ಜಿಜಿನಾ ಅವರಲ್ಲಿ ತಬಲ ಕಲಿತು, ಅಮೀರ್ ಹುಸೇನ್ ಖಾನರಲ್ಲಿಯೂ ಶಿಕ್ಷಣ ಪಡೆದರು. ಸ್ವತಂತ್ರವಾದನವನ್ನು ವೇದಿಕೆಯಲ್ಲಿ ನಡೆಸಿದ ಸ್ತ್ರೀಯರಲ್ಲಿ ಮೊದಲಿಗರೆಂದು ಅವರು ಗಣ್ಯರಾಗಿದ್ದಾರೆ.

ಸ್ವತಂತ್ರವಾದನವೆಂಬ ಮಾತಿನ ತೂಕವನ್ನು ವಾಚಕರು ಅರಿಯಬೇಕು. ಸಾಥ್ ಕೊಡುವಾಗ ತಬಲಜಿಯು ಗಾಯಕನ ಇಂಗಿತವನ್ನು ಅನುಸರಿಸುವವನು. ಸ್ವತಂತ್ರವಾದನದಲ್ಲಿಯಾದರೋ ಹಾರ್ಮೋನಿಯಂ ಅಥವಾ ಸಾರಂಗಿಯು ಒಂದೇ ಲೆಹರಾವನ್ನು ಮತ್ತೆಮತ್ತೆ ನುಡಿಸುತ್ತ ತಬಲಕ್ಕೆ ಸೇವಕನಾಗಿರುತ್ತದೆ. ತೀನ್‌ತಾಲದ 16 ಮಾತ್ರೆಗಳ ಆವರ್ತದಲ್ಲಿ ವಾದಕರು ಪೇಶಕಾರದಿಂದ ಆರಂಭಿಸಿ, ಕಾಯದಾ ಹಿಡಿದು ಅದರ ಬೋಲ್‌ಗಳನ್ನೇ ಹಿಂದುಮುಂದುಮಾಡಿ ಪಲಟಾಗಳನ್ನು ಹೆಣೆದು, ರೇಲಾ, ಗತ್, ತುಕಡಾ, ಚಕ್ರದಾರಗಳ ಮೂಲಕ ಸಮ್‌ಗೆ ಬಂದು ನಿಲ್ಲಬೇಕು. ಗುರುವಿನಿಂದ ಬಂದ ಸೊತ್ತೆಷ್ಟು, ಸ್ವಬುದ್ಧಿಯೆಷ್ಟು ಎಂಬುದು ಇಲ್ಲಿ ಮರೆಯಾಗಲಾರದು. ಆದಕಾರಣ ಸ್ತ್ರೀಯು ಸ್ವತಂತ್ರವಾದನಕ್ಕೆ ಕುಳಿತುಕೊಂಡಳೆಂದರೆ ಘರಾನೆಯ ಸೊತ್ತಿಗೆ ಹಕ್ಕುದಾರಳೆಂದು ಸಭೆಯ ಮುಂದೆ ಸಾರಿದಂತೆಯೇ ಸರಿ. ಹೆಂಗಸರ ಕೈಗೆ ಬಲ ಸಾಲದೆಂಬ ಆಕ್ಷೇಪವು ನಿಸ್ಸಾರವಾದುದು. ದಾಯಾಂನ ಕಿನಾರಿನ ಸ್ಪಷ್ಟನಾದವು ಬೆರಳು ಬೀಳುವ ಸ್ಥಾನದಿಂದಲೂ, ಬಾಯಾಂನ ಗಂಭೀರವಾದ ಏರಿಳಿತವು ಮಣಿಕಟ್ಟು ಒತ್ತುವ ಹದದಿಂದಲೂ ಸಿದ್ಧಿಸುವುವಲ್ಲದೆ ತೋಳ್ಬಲದಿಂದಲ್ಲ.

ಮಿಸ್ತ್ರಿಯವರ ಇನ್ನೊಂದು ಕಾರ್ಯವು ವಾದನಕ್ಕಿಂತ ಕಡಮೆಯದಲ್ಲ. ವಿದ್ವಾಂಸರ ದೃಷ್ಟಿಯಿಂದ ಒಂದು ಕೈ ಮೇಲೆಂದೇ ಹೇಳಬಹುದು. ಅವರ ‘ಪಖಾವಜ್ ಔರ್ ತಬಲಾ ಕೇ ಘರಾನೇ ಏವಂ ಪರಂಪರಾಯೇಂ’ ಎಂಬ ಹಿಂದೀ ಗ್ರಂಥವು 1984ರಲ್ಲಿ ಪ್ರಕಟವಾಯಿತು. ವಾದ್ಯಕಾರರ ವಂಶಪರಂಪರೆಗಳು ಬಹುಮಟ್ಟಿಗೆ ವೃದ್ಧರ ನೆನಪಿನಲ್ಲಿಯೇ ಉಳಿದಿರುವಂಥವು. ಒಬ್ಬ ಉಸ್ತಾದರು ಕಣ್ಮುಚ್ಚಿದರೆ ಅವರೊಡನೆ ಒಂದು ಶಾಖೆಯ ವೃತ್ತಾಂತವೇ ಮರೆಯಾಗುವ ಭಯವಿತ್ತು. ಯಾವ ವಂಶಾವಳಿಗಳಲ್ಲಿ ಹೆಣ್ಣುಮಕ್ಕಳ ಹೆಸರನ್ನು ಬರೆಯುವ ವಾಡಿಕೆಯೇ ಇರಲಿಲ್ಲವೋ ಅವನ್ನು ಒಬ್ಬ ಸ್ತ್ರೀಯೇ ಕಲೆಹಾಕಿ ಗ್ರಂಥಸ್ಥಗೊಳಿಸಿದರು. ಅವರು 2012ರಲ್ಲಿ ದಿವಂಗತರಾದರು.

ಅವರ ಜೀವಿತಕಾಲದಲ್ಲಿಯೇ ದಾರಿಯು ಅಗಲವಾಯಿತು. ಮುಂಬಯಿಯ ಅನುರಾಧಾ ಪಾಲ್ ಅವರು ಪಂಜಾಬ್ ಘರಾನೆಯ ಉಸ್ತಾದ್ ಅಲ್ಲಾ ರಖಾ ಮತ್ತು ಅವರ ಪುತ್ರ ಜಾಕಿರ್ ಹುಸೇನರಲ್ಲಿ ಕಲಿತರು. ದಕ್ಷಿಣದ ತಾಳವಾದ್ಯಗಳಲ್ಲಿಯೂ ಇದೇ ಬಗೆಯ ಬದಲಾವಣೆಯಾಗಿ, ಬೆಂಗಳೂರಿನ ಘಟವಿದುಷಿ ಸುಕನ್ಯಾ ರಾಮಗೋಪಾಲ್ ಅವರು 1995ರಲ್ಲಿ ‘ಸ್ತ್ರೀ ತಾಳ ತರಂಗ’ವೆಂಬ ಸ್ತ್ರೀಯರ ವಾದ್ಯವೃಂದವನ್ನು ಕಟ್ಟಿದರು. ಕೋಲ್ಕತದ ರಿಂಪಾ ಶಿವ ಅವರು ಫರೂಖಾಬಾದ್ ಘರಾನೆಯ ತಬಲವನ್ನು ಬಾಲ್ಯದಲ್ಲಿಯೇ ಕಲಿತು ಸ್ವತಂತ್ರವಾದನದಲ್ಲಿ ಹೆಸರಾದರು. ಅವರಿಗೆ ಪಾಠ ಹೇಳಿದವರು ಅವರ ತಂದೆಯವರಾದ ಸ್ವಪನ್ ಶಿವ ಅವರೇ.