ಥಾಣೆ ಖಾಡಿಯ ಕಪ್ಪು ಕೆಸರು

1853ರ ಏಪ್ರಿಲ್ 16ರಂದು ಮುಂಬೈಯ ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು ಥಾಣೆಗೆ ಬಂದು ನಿಂತಿತು. ಮರುವರ್ಷ ಅಲ್ಲಿನ ಖಾಡಿಗೆ, ಎಂದರೆ ಕಡಲು ಒಳನಾಡಿಗೆ ಚಾಚಿದ ತೋಳಿಗೆ, ಸೇತುವೆಯಾಗಿ ಹಳಿ ಕಲ್ಯಾಣದತ್ತ ಸಾಗಿತು. ಆಗ ಆ ದಂಡೆಗಳಲ್ಲಿ ಇದ್ದದ್ದು ಕೋಲಿ ಬೆಸ್ತರ ದೋಣಿಗಳು, ಉಪ್ಪಿನ ಆಗರಗಳು, ನಡುವೆ ತಿವರ್ ಕಾಡು. ನಮ್ಮ ಕರಾವಳಿಯವರ ಕಾಂಡ್ಲ ಗಿಡವೇ ಮರಾಠಿಯ ತಿವರ್, ಇಂಗ್ಲಿಷಿನ ಮ್ಯಾಂಗ್ರೋವ್. ಸೌದೆಗೆ ಕಡಿಯುವುದನ್ನು ಬಿಟ್ಟರೆ ಅದು ಯಾತಕ್ಕೂ ಬಾರದ ಗಿಡವೆಂಬುದೇ ಬಹುಕಾಲ ಪೇಟೆಯವರ ಎಣಿಕೆ.

ನೂರು ವರ್ಷ ಕಳೆಯುವಷ್ಟರಲ್ಲಿ ದಂಡೆಯ ಚಹರೆಯೇ ಬದಲಾಯಿತು. 1950ರ ದಶಕದಲ್ಲಿ ಟ್ರಾಂಬೆಯಲ್ಲಿ ತೈಲ ಸಂಸ್ಕರಣಾಗಾರಗಳು ತಲೆಯೆತ್ತಿದವು. 1962ರಲ್ಲಿ ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ ಹುಟ್ಟಿತು. ಪೂರ್ವ ದಂಡೆಯ ಥಾಣೆ–ಬೇಲಾಪುರ ಪಟ್ಟಿಯುದ್ದಕ್ಕೂ ರಾಸಾಯನಿಕ, ಬಣ್ಣ, ಔಷಧದ ಕಾರ್ಖಾನೆಗಳು ಸಾಲುಗಟ್ಟಿದವು. ಹಿಂದೆಯೇ ನವಿ ಮುಂಬೈ ಬಂತು. ಎರಡೂ ದಂಡೆಯ ಹೊಲಸಿಗೆ ಖಾಡಿಯೇ ಚರಂಡಿ. ಮೇಲ್ತುದಿಯಲ್ಲಿ ಖಾಡಿ ಇಕ್ಕಟ್ಟು. ಭರತದ ಜೊತೆ ಒಳಬಂದದ್ದೆಲ್ಲ ಇಳಿತದ ಜೊತೆ ಹೊರಹೋಗುವುದಿಲ್ಲ. ಸೀಸ, ಸತು, ತಾಮ್ರ, ಪಾದರಸ ನುಣುಪು ಹೂಳಿಗೆ ಅಂಟಿಕೊಂಡು ಗಿಡಗಳ ಬುಡದಲ್ಲೇ ತಂಗಿದವು.

ನೀರಿಳಿದಾಗ ಅಲ್ಲಿ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಕೆಸರಿನಿಂದ ಪೆನ್ಸಿಲ್ಲಿನಂತೆ ಮೇಲೆದ್ದ ಉಸಿರುಬೇರುಗಳು, ಅವುಗಳ ನಡುವೆ ಕುಪ್ಪಳಿಸುವ ನಿವಟಿ ಮೀನು. ಒಂದು ಹಿಡಿ ಕೆಸರು ತೋಡಿದರೆ ಮೇಲ್ಪದರ ಕಂದು, ಕೆಳಗೆಲ್ಲ ಇದ್ದಿಲ ಕಪ್ಪು, ಮೂಗಿಗೆ ಕೊಳೆತ ಮೊಟ್ಟೆಯ ವಾಸನೆ. ಅಂಗೈಯಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಆ ಕಪ್ಪು ನಿಧಾನವಾಗಿ ಕಂದುಗಟ್ಟುತ್ತದೆ. ತುಕ್ಕು ಹಿಡಿದಂತೆ ಅಲ್ಲ, ತುಕ್ಕೇ ಅದು.

ಇಡೀ ಕಥೆ ಆ ಬಣ್ಣದಲ್ಲಿದೆ. ಈ ಕೆಸರಿನೊಳಗೆ ಆಮ್ಲಜನಕವಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಸಮುದ್ರದ ನೀರಿನ ಸಲ್ಫೇಟನ್ನೇ ಉಸಿರಾಡಿ ಸಲ್ಫೈಡ್ ಬಿಡುತ್ತವೆ. ಅದು ಕಬ್ಬಿಣದೊಡನೆ ಕೂಡಿದಾಗ ಕಪ್ಪು. ಸೀಸ, ಸತು, ಕ್ಯಾಡ್ಮಿಯಂಗಳನ್ನೂ ಅದೇ ಸಲ್ಫೈಡ್ ಕಟ್ಟಿಹಾಕುತ್ತದೆ. ಗಾಳಿಯಿಲ್ಲದ್ದರಿಂದಲೇ ಉದುರಿದ ಎಲೆ, ಸತ್ತ ಬೇರು ಪೂರ್ತಿ ಕೊಳೆಯದೆ ಶತಮಾನಗಟ್ಟಲೆ ಇಂಗಾಲವಾಗಿ ಉಳಿಯುತ್ತವೆ. 2011ರಲ್ಲಿ ಪ್ರಕಟವಾದ ಇಂಡೋ–ಪೆಸಿಫಿಕ್ ಅಧ್ಯಯನವೊಂದು ಇಂಥ ಕಾಡುಗಳಲ್ಲಿ ಹೆಕ್ಟೇರಿಗೆ ಸರಾಸರಿ 1,023 ಟನ್ ಇಂಗಾಲವಿದೆಯೆಂದು ಲೆಕ್ಕಹಾಕಿತು. ಅದರಲ್ಲಿ ಹೆಚ್ಚಿನದು ಮರದಲ್ಲಲ್ಲ, ಮಣ್ಣಿನಲ್ಲಿ. ಇಂಗಾಲಕ್ಕೂ ವಿಷಕ್ಕೂ ಒಂದೇ ಪೆಟ್ಟಿಗೆ, ಒಂದೇ ಬೀಗ. ಅಗೆದು ಗಾಳಿಗೆ ಒಡ್ಡಿದರೆ ಸಲ್ಫೈಡ್ ಗಂಧಕಾಮ್ಲವಾಗಿ ಲೋಹ ನೀರಿಗಿಳಿಯುತ್ತದೆ, ಇಂಗಾಲ ಗಾಳಿಗೇರುತ್ತದೆ. ಬೀಗವೂ ಅಷ್ಟೇನು ಭದ್ರವಲ್ಲ: ಪಾದರಸವನ್ನು ಇನ್ನೂ ಘೋರವಾದ ಮೀಥೈಲ್ ಪಾದರಸವಾಗಿಸುವ ಬ್ಯಾಕ್ಟೀರಿಯಾಗಳಿಗೂ ಇದೇ ಕತ್ತಲೆ ಬೇಕು.

1990ರ ದಶಕದಿಂದ ರಾಜಹಂಸಗಳು ಸಾವಿರಗಟ್ಟಲೆ ಇಲ್ಲಿಗೆ ಬರತೊಡಗಿದವು. ಕೊಳಚೆಯ ಸಾರದಿಂದ ಹುಲುಸಾಗುವ ಪಾಚಿ ಅವಕ್ಕೆ ಊಟ. ನಗರ ನಾಚಿಕೊಳ್ಳಬೇಕಾದ ಹೊಲಸಿನ ಮೇಲೆ ನಗರವೇ ಹೆಮ್ಮೆಪಡುವ ಗುಲಾಬಿ ಹಿಂಡು!

ಮುಂಬೈಯೆಂಬ ಮಾಯಾನಗರಿಯ ಮನಸ್ಸು ಬದಲಾಗಲು ಕೋರ್ಟು ಬೇಕಾಯಿತು. 2005ರಲ್ಲಿ ಬಾಂಬೆ ಹೈಕೋರ್ಟು ರಾಜ್ಯದಾದ್ಯಂತ ತಿವರ್ ಕಡಿಯುವುದನ್ನು ತಡೆಯಿತು. 2012ರಲ್ಲಿ ಅರಣ್ಯ ಇಲಾಖೆಯಲ್ಲಿ ಮ್ಯಾಂಗ್ರೋವ್ ಘಟಕ, 2015ರಲ್ಲಿ 1,690 ಹೆಕ್ಟೇರಿನ ರಾಜಹಂಸ ಅಭಯಾರಣ್ಯ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲವೆಂಬ ರಾಮ್‌ಸಾರ್ ಪಟ್ಟ. ಕಾಗದದ ಕಾವಲು ಬಂತು. ಆದರೂ ಬೆಸ್ತರ ಬಲೆಯಲ್ಲಿ ಮೀನಿನ ಜೊತೆ ಪ್ಲಾಸ್ಟಿಕ್ಕು ಬರುವುದು ನಿಂತಿಲ್ಲ.

ಈಗ ಮತ್ತೊಂದು ರೈಲು ಖಾಡಿ ದಾಟಲಿದೆ. ಅಹಮದಾಬಾದಿನ ಬುಲೆಟ್ ರೈಲಿಗೆ ತೋಡುತ್ತಿರುವ 21 ಕಿಲೋಮೀಟರ್ ಸುರಂಗದ ಸುಮಾರು 7 ಕಿಲೋಮೀಟರ್ ಖಾಡಿಯ ಅಡಿಯಲ್ಲಿದೆ. ತಿವರಿಗೂ ರಾಜಹಂಸಕ್ಕೂ ತೊಂದರೆಯಾಗದಿರಲೆಂದು ಈ ಸಲ ಹಳಿ ಕೆಸರಿನ ಮೇಲಲ್ಲ, ಅದರ ಕೆಳಗೆ.